ಅತ್ತೆಯ ಶೆಡ್ಡೂ ನಲವತ್ತೊಂದನೆಯ ಏಟೂ

ಭೂಮಿ ಗುಂಡಗಿದೆ ಎಂಬ ವಿಷಯಕ್ಕೆ ನಮ್ಮ ಅತ್ತೆ ಇನ್ನೂ ಪೂರ್ತಿ ಒಪ್ಪಿಗೆ ಕೊಟ್ಟಿಲ್ಲ!

ಅತ್ತೆ ಅಂದರೆ ಗಂಡನ ತಾಯಿ ಅಂದುಕೊಳ್ಳಬೇಡಿ, ಅಪ್ಪನ ಅಕ್ಕ. ಗುಬ್ಬಿಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷದ ಮೇಲೆ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಗೋಳದ ಘನಫಲದ ಸೂತ್ರವನ್ನು ಊರಿನ ಅರ್ಧ ಜನಕ್ಕೆ ಕಿವಿ ಹಿಂಡಿ ಕಲಿಸಿದವರು. ಆದರೂ, "ಗುಂಡಗಿದೆ ಅಂತಾರೆ, ಇರ್ಲಿ. ಮೇಲ್ಗಡೆಯಾದ್ರೂ ಒಂದ್ಸಲ ಮಟ್ಟ ಮಾಡ್ಬೋದಿತ್ತು" ಎಂಬ ಅಸಮಾಧಾನ ಅವರಿಗೆ ಇದ್ದೇ ಇದೆ. ಒಮ್ಮೆ ಹುತ್ರಿದುರ್ಗದ ಬೆಟ್ಟ ತೋರಿಸಲು ಕರೆದುಕೊಂಡು ಹೋಗಿದ್ದೆ. ಜೊತೆಗೆ ಬಂದವರೆಲ್ಲ ಬಾಯಿ ತೆರೆದುಕೊಂಡು ಕೋಟೆ ನೋಡುತ್ತಿದ್ದರೆ ಅತ್ತೆ ಸೊಂಟದ ಮೇಲೆ ಕೈಯಿಟ್ಟು, "ಇಷ್ಟೊಂದು ಕಲ್ಲು ಒಂದೇ ಕಡೆ ಯಾಕೆ ರಾಶಿ ಹಾಕ್ಬಿಟ್ರು?" ಎಂದು ಕೇಳಿದರು. ಯಾರನ್ನು ಕೇಳಿದರೋ! ದೇವರೇನಾದರೂ ಎದುರಿಗಿದ್ದಿದ್ದರೆ ಕೈಕಟ್ಟಿ ನಿಂತು ತಪ್ಪೊಪ್ಪಿಕೊಳ್ಳುತ್ತಿದ್ದ.

ಅವರ ಕೈಚೀಲದಲ್ಲಿ ಎರಡು ವಸ್ತುಗಳು ತಪ್ಪದೆ ಇರುತ್ತವೆ. ಒಂದು, ಗೇಣುದ್ದದ ರಸಮಟ್ಟ. ಗಾರೆ ಕೆಲಸದವರು ಗೋಡೆಯ ಮೇಲಿಟ್ಟು ನೋಡುತ್ತಾರಲ್ಲ, ಒಳಗೆ ಹಸಿರು ನೀರಿನಲ್ಲಿ ಗುಳ್ಳೆ ಓಡಾಡುತ್ತದಲ್ಲ, ಅದೇ. ಇನ್ನೊಂದು, ಗಾಜಿನ ಗೋಲಿ. ಕುಣಿಗಲ್ಲಿನಲ್ಲಿ ನಮ್ಮ ನೆಂಟರೊಬ್ಬರು ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಿದ್ದರು. ಪೂಜೆ ನಡೆಯುತ್ತಿರುವಾಗಲೇ ಅತ್ತೆ ಮೆಲ್ಲಗೆ ಬಗ್ಗಿ ದೇವರ ಮನೆಯ ಹೊಸ್ತಿಲ ಬಳಿ ಗೋಲಿ ಇಟ್ಟರು. ಗೋಲಿ ಒಂದು ಕ್ಷಣ ಯೋಚನೆ ಮಾಡಿತು. ಆಮೇಲೆ ಹೊರಟಿತು. ನಡುಮನೆ ದಾಟಿ, ಕೂತವರ ಕಾಲುಗಳ ಸಂದಿಯಲ್ಲಿ ನುಸುಳಿ, ಬಚ್ಚಲಿನ ಬಾಗಿಲಿಗೆ ಹೋಗಿ ಟಕ್ ಎಂದು ನಿಂತಿತು. "ದೇವರ ಮನೆಯಿಂದ ಬಚ್ಚಲಿಗೆ ನೇರ ಇಳಿಜಾರು. ಪುಣ್ಯವೆಲ್ಲ ಹರ್ಕೊಂಡು ಹೋಗುತ್ತೆ, ನೋಡ್ಕೊಳಿ" ಎಂದು ಅತ್ತೆ ಮಂಗಳಾರತಿಯ ಹೊತ್ತಿಗೆ ಸರಿಯಾಗಿ ಘೋಷಿಸಿದರು. ಮನೆಯೊಡತಿ ಅತ್ತೇಬಿಟ್ಟರು. ಅವರ ಮಗಳ ಮದುವೆಗೆ ನಮಗೆ ಆಹ್ವಾನ ಪತ್ರಿಕೆ ಬರಲಿಲ್ಲ. ಮದುವೆ ಆಗಿದೆ ಎಂಬ ಸುದ್ದಿ ಮಾತ್ರ ಬಂತು!

ಇಂಥವರು ತೋಟದ ಶೆಡ್ಡು ಕೊಂಡರು ಎಂದರೆ ಏನಾಗಬಹುದು, ನೀವೇ ಊಹಿಸಿ.

ಶೆಡ್ಡು ಬೇಕಾಗಿತ್ತು, ಅದು ನಿಜ. ಅತ್ತೆಯ ಮನೆಯ ಹಾಲಿನಲ್ಲಿ ಸೋಫಾದ ಒಂದು ತುದಿಯಲ್ಲಿ ಗುದ್ದಲಿ ಕೂತಿರುತ್ತಿತ್ತು, ಇನ್ನೊಂದು ತುದಿಯಲ್ಲಿ ಗೊಬ್ಬರದ ಚೀಲ. ಬಂದವರು ನಡುವೆ ಕೂರಬೇಕು. ಪಿಕಾಸಿಯ ಪಕ್ಕ ಕೂತು ಕಾಫಿ ಕುಡಿಯುವವರ ಮುಖದಲ್ಲಿ ಒಂದು ಬಗೆಯ ವಿನಯ ತಾನಾಗಿಯೇ ಬರುತ್ತದೆ. ಕೊನೆಗೆ ತುಮಕೂರಿನ ಅಂಗಡಿಯೊಂದರಿಂದ ತಗಡಿನ ಶೆಡ್ಡು ಮೂರು ಚಪ್ಪಟೆ ಪೆಟ್ಟಿಗೆಗಳಲ್ಲಿ ಬಂತು. ಜೊತೆಗೆ ಜೋಡಿಸುವ ವಿಧಾನದ ಒಂದು ಪುಸ್ತಿಕೆ. ಅತ್ತೆ ಅದನ್ನು ಕೆಂಪು ಶಾಯಿಯ ಪೆನ್ನು ಹಿಡಿದು ಓದಿದರು, ಎರಡು ಕಡೆ ಅಳತೆ ತಿದ್ದಿದರು, ಕೊನೆಯ ಪುಟದಲ್ಲಿ ಹತ್ತಕ್ಕೆ ಏಳು ಅಂಕ ಕೊಟ್ಟರು. ಆದರೆ ಮೊದಲ ಪುಟದ ಮೊದಲ ವಾಕ್ಯ ಅವರ ಮನಸ್ಸನ್ನು ಪೂರ್ತಿ ಗೆದ್ದಿತ್ತು: ಗಟ್ಟಿಯಾದ, ಸಮತಟ್ಟಾದ ತಳ ಹಾಕದೆ ಮುಂದೆ ಹೋಗಬೇಡಿ.

"ನೋಡ್ದ್ಯಾ? ಇದನ್ನ ನಾನು ನಲವತ್ತು ವರ್ಷದಿಂದ ಹೇಳ್ತಾ ಇದೀನಿ" ಅಂದರು.

ಜಾಗ ಹಿತ್ತಲಿನ ಮೂಲೆ. ಸೀಬೆ ಮರಕ್ಕೂ ಕಾಂಪೌಂಡಿಗೂ ನಡುವೆ.

ಆ ಮೂಲೆಯ ಬಗ್ಗೆ ಎರಡು ಮಾತು ಹೇಳಬೇಕು. ಅತ್ತೆ ಈ ಮನೆ ಕೊಂಡು ಇಪ್ಪತ್ತೆಂಟು ವರ್ಷವಾಯಿತು, ಕೊಂಡಾಗಲೇ ಹಳೆಯ ಮನೆ. ಮಾರಿದವರು ತೊಲೆಯ ಬಗ್ಗೆ ಹೇಳಿದ್ದರು, ಬಾವಿಯ ಬಗ್ಗೆ ಹೇಳಿದ್ದರು, ಯಾವ ಕಿಟಕಿಯ ಚಿಲಕ ಸಡಿಲ ಎಂದೂ ಹೇಳಿದ್ದರು. ಆ ಮೂಲೆಯ ಬಗ್ಗೆ ಮಾತ್ರ ಏನೂ ಹೇಳಿರಲಿಲ್ಲ. ಅಲ್ಲಿ ಒಂದು ಜಮಖಾನದಷ್ಟು ಅಗಲಕ್ಕೆ, ದುಂಡಗೆ, ಹುಲ್ಲು ಬೆಳೆಯುತ್ತಿರಲಿಲ್ಲ. ಮಳೆ ಬಂದರೆ ಇಡೀ ಹಿತ್ತಲು ಕೆಸರಾದರೂ ಆ ದುಂಡು ಮೊದಲು ಒಣಗುತ್ತಿತ್ತು. ಸೀಬೆಹಣ್ಣು ಬೇರೆ ಕಡೆ ಬಿದ್ದರೆ 'ತಪ್' ಎನ್ನುವುದು ಅಲ್ಲಿ ಬಿದ್ದರೆ 'ದುಮ್' ಎನ್ನುತ್ತಿತ್ತು. ಪಕ್ಕದ ಮನೆಯ ಬೆಕ್ಕು ದಿನವೂ ಹಿತ್ತಲನ್ನು ನೇರವಾಗಿ ಹಾದುಹೋಗುವುದು. ಅಲ್ಲಿಗೆ ಬಂದಾಗ ಮಾತ್ರ ಬಳಸಿಕೊಂಡು ಹೋಗುವುದು. ಅಲ್ಲಿ ಯಾರೋ ಕೂತಿದ್ದಾರೆ, ಅವರ ಸೀರೆಯ ಅಂಚು ತುಳಿಯಬಾರದು ಎಂಬ ಹಾಗೆ!

"ಮಣ್ಣಲ್ಲಿ ಸುಣ್ಣ ಜಾಸ್ತಿ ಇದೆ" ಎಂದು ಅತ್ತೆಯ ವಿವರಣೆ.

"ಬೆಕ್ಕಿಗೆ ಸುಣ್ಣ ಆಗಲ್ವಾ ಅತ್ತೆ?"

"ನೀನು ಗಣಿತದಲ್ಲಿ ಫೇಲಾಗಿದ್ದು ಯಾಕೆ ಅಂತ ಈಗ ಗೊತ್ತಾಯ್ತು."

ನಾನು ತುಮಕೂರಿನ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಪ್ರತಿ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಗುಬ್ಬಿಗೆ ಹೋಗುವುದು, ಅತ್ತೆಯ ಕೈಯಲ್ಲಿ ಬೈಸಿಕೊಂಡು ಸಂಜೆ ವಾಪಸು ಬರುವುದು ನನ್ನ ರೂಢಿ. ಆ ಶನಿವಾರ ಅತ್ತೆ ತಾವೇ ನಾಲ್ಕು ಗೂಟ ಹೊಡೆದು, ದಾರ ಕಟ್ಟಿ, ಮೂರು-ನಾಲ್ಕು-ಐದರ ತ್ರಿಕೋನ ಹಿಡಿದು ಮೂಲೆಗಳನ್ನು ಸರಿಯಾಗಿ ತೊಂಬತ್ತು ಡಿಗ್ರಿಗೆ ತಂದಿದ್ದರು. ಭಾನುವಾರ ನಾನು ಹೋಗಿ ನೋಡಿದರೆ ದಾರ ಸಡಿಲವಾಗಿ ಜೋತುಬಿದ್ದಿದೆ. ನಾಲ್ಕೂ ಗೂಟಗಳು ಒಳಮುಖವಾಗಿ ವಾಲಿವೆ. ನಡುವೆ ಯಾರೋ ಏನೋ ಪಿಸುಗುಡುತ್ತಿದ್ದಾರೆ, ಅದನ್ನು ಕೇಳಿಸಿಕೊಳ್ಳಲು ನಾಲ್ವರು ಬಗ್ಗಿದ್ದಾರೆ ಎಂಬಂತೆ ಕಂಡಿತು. ಬೆಳಗಿನ ಒಂಬತ್ತು ಗಂಟೆಯ ಬಿಸಿಲಿನಲ್ಲಿ ನನ್ನ ಬೆನ್ನು ತಣ್ಣಗಾಯಿತು.

"ಹೆಗ್ಗಣ" ಅಂದರು ಅತ್ತೆ.

"ನಾಲ್ಕು ಗೂಟವೂ ಒಂದೇ ಅಳತೆಗೆ ವಾಲಿದೆಯಲ್ಲ?"

"ಲೆಕ್ಕ ಬರೋ ಹೆಗ್ಗಣ. ನಿನ್ನ ಹಾಗಲ್ಲ."

ಅಷ್ಟು ಹೊತ್ತಿಗೆ ಮೇಸ್ತ್ರಿ ಬಂದ. ಹುಲಿಯೂರುದುರ್ಗದ ಕಡೆಯವನು, ಗುಬ್ಬಿಗೆ ಬಂದು ನೆಲೆಸಿದವನು. ಅವನ ಜೊತೆಗೆ ಅವನ ಹೆಂಡತಿ. ಮಣ್ಣು ಹೊರುವುದು, ಜಲ್ಲಿ ಹೊರುವುದು ಅವಳ ಕೆಲಸ. ಅವನು ಮಾತಾಡಿದಷ್ಟೂ ಇವಳು ಮಾತಾಡುವುದಿಲ್ಲ. ಅವನ ಹೆಗಲ ಮೇಲೊಂದು ಹಾರೆ. ಅದು ಅವನ ಅಪ್ಪನ ಕಾಲದ್ದಂತೆ, ಹಿಡಿದ ಜಾಗ ಸವೆದು ಕನ್ನಡಿಯಾಗಿತ್ತು. "ಈ ಹಾರೆ ಹಿಡ್ಕಂಡು ನಮ್ಮಪ್ಪ ನೂರು ಮನೆ ಪಾಯ ತೆಗ್ದವ್ನೆ, ಟೀಚರಮ್ಮ. ನಿಮ್ ಶೆಡ್ಡು ಏನ್ ಮಹಾ, ಸಂಜೀಕೆ ಕಾಂಕ್ರೀಟ್ ಬೆಡ್ ಹಾಕಿ ಎದ್ದೋಯ್ತೀನಿ" ಅಂದ.

ಸಂಜೆಗೆ ಅವನು ಎದ್ದು ಹೋದದ್ದು ನಿಜ. ಬೆಡ್ ಹಾಕಿರಲಿಲ್ಲ.

ಮೊದಲು ಅರ್ಧ ಅಡಿ ಮಣ್ಣು ತೆಗೆದರು. ಮಣ್ಣು ಸುಲಭವಾಗಿ ಬಂತು, ಬೇಕಾದ್ದಕ್ಕಿಂತ ಸುಲಭವಾಗಿ. ಆಮೇಲೆ ನೆಲ ಗಟ್ಟಿಯಾಗಲಿ ಎಂದು ಮೇಸ್ತ್ರಿ ದಿಮ್ಮಸು ಎತ್ತಿ ಕುಟ್ಟತೊಡಗಿದ. ದಪ್ಪ ಮರದ ತುಂಡಿಗೆ ಹಿಡಿ ಹಾಕಿದ ಆ ಭಾರದ ವಸ್ತುವನ್ನು ಎತ್ತಿ ಬಿಟ್ಟರೆ ಧಡ್ ಎನ್ನಬೇಕು. ಅಂದಿತು. ಅಂದ ಮೇಲೆ, ಒಂದು ಉಸಿರಿನಷ್ಟು ತಡೆದು, ಕೆಳಗಿನಿಂದ ಇನ್ನೊಂದು ಧಡ್ ಬಂತು.

ಮೇಸ್ತ್ರಿ ನನ್ನ ಮುಖ ನೋಡಿದ. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಗಡಿಯಾರ ನೋಡುತ್ತಿದ್ದರು.

"ಪ್ರತಿಧ್ವನಿ. ಕುಟ್ಟು" ಅಂದರು.

ಅವನು ಕುಟ್ಟಿದ. ಮೇಲಿನಿಂದೊಂದು, ಕೆಳಗಿನಿಂದೊಂದು. ಮೇಲಿನಿಂದೊಂದು, ಕೆಳಗಿನಿಂದೊಂದು. ಒನಕೆ ಹಿಡಿದು ಎದುರುಬದುರು ನಿಂತು ಇಬ್ಬರು ಕುಟ್ಟುವ ಹಾಗೆ ಸರಿಯಾದ ಲಯದಲ್ಲಿ. ಸ್ವಲ್ಪ ಹೊತ್ತಿಗೆ ನನಗೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ತಿಳಿಯದಾಯಿತು. ಇವನು ಕುಟ್ಟುವುದಕ್ಕೆ ಅದು ಉತ್ತರ ಕೊಡುತ್ತಿದೆಯೋ, ಅದು ಕುಟ್ಟುವುದಕ್ಕೆ ಇವನು ಉತ್ತರ ಕೊಡುತ್ತಿದ್ದಾನೋ? ಮೇಸ್ತ್ರಿ ಸುಸ್ತಾಗಿ ದಿಮ್ಮಸನ್ನು ಪಕ್ಕಕ್ಕೆ ಒರಗಿಸಿ ಬೆವರು ಒರೆಸಿಕೊಂಡ. ಹಿತ್ತಲು ನಿಶ್ಶಬ್ದವಾಯಿತು. ಮರದ ಮೇಲಿನ ಅಳಿಲೂ ಸುಮ್ಮನಾಗಿತ್ತು.

ಆಗ ಕೆಳಗಿನಿಂದ ಧಡ್ ಎಂದಿತು.

ಅತ್ತೆ, ಪರೀಕ್ಷೆಯಲ್ಲಿ ನಕಲು ಹಿಡಿದವರ ದನಿಯಲ್ಲಿ, "ಇವನು ಕುಟ್ಟಿದ್ದು ನಲವತ್ತು. ಅದು ನಲವತ್ತೊಂದು" ಅಂದರು.

"ಟೀಚರಮ್ಮ, ನೀವು ಎಣಿಸ್ತಾ ಇದ್ರಾ?"

"ಎಣಿಸ್ದೇ ಇದ್ರೆ ಹೇಗೆ ಗೊತ್ತಾಗುತ್ತೆ ಯಾರು ತಪ್ಪು ಮಾಡಿದ್ರು ಅಂತ?"

ದೆವ್ವವೇ ಇದ್ದರೂ ಲೆಕ್ಕ ತಪ್ಪುವ ಹಾಗಿಲ್ಲ ನೋಡಿ, ನಮ್ಮ ಅತ್ತೆಯ ಹಿತ್ತಲಿನಲ್ಲಿ!

ಮಣ್ಣು ಕೂರಲಿ ಎಂದು ಪೈಪು ಹಿಡಿದು ನೀರು ಬಿಟ್ಟರು. ನೀರು ನಿಲ್ಲಬೇಕಲ್ಲ? ನಿಲ್ಲಲಿಲ್ಲ. ದುಂಡಗೆ ತಿರುಗಿ ತಿರುಗಿ ನಡುವೆ ಒಂದು ಕಡೆ ಇಳಿದುಹೋಯಿತು. ಇಳಿಯುವಾಗ ಗುಟುಕ್, ಗುಟುಕ್ ಎಂಬ ಸದ್ದು. ತೊಟ್ಟಿ ಖಾಲಿಯಾಗುವವರೆಗೆ ಬಿಟ್ಟರೂ ಅಷ್ಟೇ. ಆಮೇಲೆ ಅಲ್ಲಿಂದ ಒಂದು ತಣ್ಣನೆಯ ಗಾಳಿ ಮೇಲಕ್ಕೆ ಬಂದು ನಮ್ಮ ಕಾಲಿಗೆ ತಾಗಿತು. ನೆತ್ತಿಯ ಮೇಲೆ ಸೂರ್ಯ ಉರಿಯುತ್ತಿದ್ದಾನೆ, ಪಾದಕ್ಕೆ ಮಾತ್ರ ಚಳಿ. ಹುಳಿತ ಗಂಜಿಯ ಒಂದು ಹಳೆಯ ವಾಸನೆ. ಮೇಸ್ತ್ರಿಯ ಹೆಂಡತಿ ಅವತ್ತು ಮೊದಲ ಸಲ ಬಾಯಿ ಬಿಟ್ಟಳು:

"ಯಾರೋ ಕುಡ್ದು ತೇಗ್ದಂಗಾಯ್ತು."

ಗಂಡ ಹಾರೆ ಎತ್ತಿಕೊಂಡು, "ಮುಂದಿನ್ ವಾರ ಬತ್ತೀನಿ" ಎನ್ನುತ್ತ ಆಗಲೇ ಗೇಟಿನ ಆಚೆ ಇದ್ದ.

ಆ ವಾರವಿಡೀ ಗ್ರಂಥಾಲಯದಲ್ಲಿ ಕೂತಿದ್ದರೂ ನನ್ನ ಮನಸ್ಸೆಲ್ಲ ಗುಬ್ಬಿಯಲ್ಲಿತ್ತು. ಯಾರಾದರೂ ಪುಸ್ತಕವನ್ನು ಮೇಜಿನ ಮೇಲೆ ಧಡ್ ಎಂದು ಇಟ್ಟರೆ ಇನ್ನೊಂದು ಧಡ್ಡಿಗೆ ಕಾಯುತ್ತಿದ್ದೆ. ಅತ್ತೆಗೆ ಫೋನ್ ಮಾಡಿ "ಬೇರೆ ಜಾಗ ನೋಡೋಣ, ಆ ಮೂಲೆ ಬೇಡ" ಎಂದೆ. "ಆ ಮೂಲೆ ಬಿಟ್ರೆ ಮಿಕ್ಕಿದ್ದೆಲ್ಲ ಇಳಿಜಾರು" ಎಂಬ ಉತ್ತರ ಬಂತು. "ನಿಮಗೆ ಹೆದರಿಕೆ ಆಗಲ್ವಾ?" ಎಂದು ಕೇಳಿದೆ. "ಆಗುತ್ತೆ. ಆ ಬೆಡ್ಡು ಬಿರುಕು ಬಿಟ್ರೆ ಅಂತ."

ಮುಂದಿನ ಭಾನುವಾರ ಮೇಸ್ತ್ರಿ ಬಂದ. ಹಣೆಯಲ್ಲಿ ವಿಭೂತಿ ಹಿಂದಿನ ವಾರದ ಎರಡರಷ್ಟಿತ್ತು. ನೀರು ಇಳಿದ ಜಾಗದಲ್ಲಿ ಮಣ್ಣು ಕೊಚ್ಚಿಹೋಗಿ ಒಂದು ಚಪ್ಪಡಿ ಕಲ್ಲಿನ ಅಂಚು ಕಾಣುತ್ತಿತ್ತು. "ಇದೇ ಕಲ್ಲು ಸದ್ದು ಮಾಡ್ತಾ ಇರೋದು" ಎಂದು ಅವನಿಗೆ ಧೈರ್ಯ ಬಂತು. ಕಲ್ಲಿನ ಪಕ್ಕಕ್ಕೆ ಹಾರೆ ಇಟ್ಟು ಮೀಟಲು ಒಂದು ಏಟು ಹಾಕಿದ.

ಹಾರೆ ಒಳಗೆ ಹೋಯಿತು. ಹೋಗುತ್ತಲೇ ಇತ್ತು. ಅವನ ಎರಡೂ ಕೈಗಳ ನಡುವಿನಿಂದ, ಎಣ್ಣೆ ಸವರಿದ ಹಾಗೆ ಜಾರಿ, ಆಳೆತ್ತರದ ಕಬ್ಬಿಣದ ಹಾರೆ ಪೂರ್ತಿ ನೆಲದೊಳಕ್ಕೆ ಇಳಿದು ಮಾಯವಾಯಿತು. ಮೇಸ್ತ್ರಿ ಖಾಲಿ ಕೈಗಳನ್ನು ಹಾಗೇ ಹಿಡಿದುಕೊಂಡು ನಿಂತಿದ್ದ.

ಅತ್ತೆ ಬೆರಳೆತ್ತಿ "ಶ್" ಅಂದರು. ಬಿದ್ದ ಸದ್ದು ಕೇಳಿಸಿದರೆ ಎಷ್ಟು ಆಳ ಎಂದು ಲೆಕ್ಕ ಹಾಕಬಹುದಲ್ಲ! ಒಂದು, ಎರಡು, ಮೂರು... ಎತ್ತಿದ ಬೆರಳು ಎತ್ತಿದಂತೆಯೇ ಇತ್ತು. ಅಷ್ಟು ದೊಡ್ಡ ಹಾರೆ ಬಿದ್ದದ್ದಕ್ಕೆ ಸದ್ದೇ ಬರಲಿಲ್ಲ. ಕೆಳಗೆ ಯಾರೋ ಎರಡೂ ಕೈ ಚಾಚಿ ಮೆತ್ತಗೆ ಹಿಡಿದುಕೊಂಡರೇನೋ ಎಂಬ ಹಾಗೆ.

"ನಮ್ಮಪ್ಪನ್ ಹಾರೆ!" ಎಂದ ಮೇಸ್ತ್ರಿ, ಚಿಕ್ಕ ಮಕ್ಕಳ ದನಿಯಲ್ಲಿ. ಆಮೇಲೆ ಸಿಟ್ಟು ಬಂತು ಅವನಿಗೆ. ಕಲ್ಲನ್ನು ಬರಿಗೈಯಲ್ಲೇ ಹಿಡಿದು ಎಳೆದ. ಹಾರೆಯ ಏಟಿಗೆ ಸಡಿಲವಾಗಿದ್ದ ಚಪ್ಪಡಿ ಪಕ್ಕಕ್ಕೆ ಸರಿಯಿತು. ಕೆಳಗೆ ಒಂದು ದುಂಡನೆಯ ಬಾಯಿ, ಮೊರದಷ್ಟು ಅಗಲ, ಕಪ್ಪಗೆ.

"ಹಗೇವು!" ಎಂದಳು ಅವನ ಹೆಂಡತಿ.

ಹಳೆಯ ಕಾಲದಲ್ಲಿ ರಾಗಿ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಗುಡಾಣದಂಥ ಕೋಣೆ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಇಪ್ಪತ್ತೆಂಟು ವರ್ಷ ನಮ್ಮತ್ತೆ ಒಂದು ಖಾಲಿ ಹೊಟ್ಟೆಯ ಪಕ್ಕದಲ್ಲೇ ಹೂವಿನ ಕುಂಡ ಜೋಡಿಸಿಕೊಂಡು ಬದುಕಿದ್ದರು! ನನಗೆ ಒಮ್ಮೆಲೇ ನಗು ಬಂತು. ದೆವ್ವವೂ ಇಲ್ಲ, ಭೂತವೂ ಇಲ್ಲ, ರಾಗಿಯ ಗುಂಡಿ! ಹಗುರವಾಗಿ, ಹುಡುಗಿಯ ಹಾಗೆ, ನೆಲದ ಮೇಲೆ ಬೋರಲು ಮಲಗಿ, ಮೊಬೈಲಿನ ಟಾರ್ಚು ಹಚ್ಚಿ ತಲೆ ಒಳಗೆ ಹಾಕಿದೆ. ವಯಸ್ಸು ನಲವತ್ತಾರು ಎಂಬುದನ್ನು ದಯವಿಟ್ಟು ನೆನಪಿಸಬೇಡಿ.

ಒಳಗೆ ನಾನು ಕಂಡದ್ದನ್ನು ಹೇಳುತ್ತೇನೆ. ಸುತ್ತ ದುಂಡನೆಯ ಗೋಡೆ, ಮಣ್ಣು ಸಗಣಿ ಸಾರಿಸಿದ್ದು. ಸಾರಿಸಿದ ಬೆರಳುಗಳ ಗುರುತು ಇನ್ನೂ ಹಾಗೇ ಇದೆ, ಅರ್ಧಚಂದ್ರದ ಮೇಲೆ ಅರ್ಧಚಂದ್ರ, ನಿನ್ನೆ ತಾನೇ ಯಾರೋ ಹೆಂಗಸು ಕೈಯಾಡಿಸಿ ಎದ್ದುಹೋದ ಹಾಗೆ. ತಳದಲ್ಲಿ ಕಪ್ಪನೆಯ ಮೆತ್ತನೆಯ ಹೊಟ್ಟು. ಅದರ ನಟ್ಟನಡುವೆ ಮೇಸ್ತ್ರಿಯ ಹಾರೆ ನೆಟ್ಟಗೆ ನಿಂತಿದೆ. ಬಿದ್ದದ್ದಲ್ಲ, ಯಾರೋ ತಂದು ನಿಲ್ಲಿಸಿದ್ದು ಎಂಬ ಹಾಗೆ. ನಾನು ಇನ್ನೂ ಸ್ವಲ್ಪ ಬಗ್ಗಿದೆ. ಎಲ್ಲಿಂದಲೋ ಬೀಸುಕಲ್ಲಿನ ಸದ್ದು, ಗರಗರ, ಗರಗರ. ಕಿವಿಯಲ್ಲೋ, ಗುಂಡಿಯಲ್ಲೋ? ಹಿತವಾಗಿತ್ತು. ಮಧ್ಯಾಹ್ನದ ಊಟವಾದ ಮೇಲೆ ಬರುವಂಥ ಮಂಪರು. ಆಗ ಕೆಳಗಿನಿಂದ ಯಾರೋ ನನ್ನ ಹೆಸರು ಹಿಡಿದು ಕರೆದರು.

"ಗಿರಿಜಾ..."

ಗಾಬರಿಯಾಗಬೇಕಿತ್ತು. ಆಗಲಿಲ್ಲ. ಅಡಿಗೆಮನೆಯಿಂದ ಕರೆದರೆ ಹೇಳುವ ಹಾಗೆ, "ಬಂದೇ" ಎಂದೆ.

"ಗಿರಿಜಾ..."

"ಬಂದೇ, ಬಂದೇ."

ಹೋಗುತ್ತಲೇ ಇದ್ದೆ ಅಂತ ಕಾಣುತ್ತೆ. ಯಾಕೆಂದರೆ ಮುಂದೆ ನನಗೆ ಗೊತ್ತಾದದ್ದು, ನೆತ್ತಿಯ ಚರ್ಮವೇ ಕಿತ್ತುಬಂದಂಥ ನೋವು. ಅತ್ತೆ ನನ್ನ ಜಡೆ ಹಿಡಿದು, ಬಾವಿಯಿಂದ ಕೊಡ ಎಳೆಯುವ ಹಾಗೆ, ಎರಡೂ ಕೈಯಿಂದ ಎಳೆದು ಹೊರಗೆ ಹಾಕಿದ್ದರು. ಮೇಸ್ತ್ರಿಯ ಹೆಂಡತಿ ನನ್ನ ಕಾಲುಗಳನ್ನು ಹಿಡಿದಿದ್ದಳು. ಬಿಸಿಲು ಕಣ್ಣಿಗೆ ಚುಚ್ಚಿತು. ಅತ್ತೆ ಕೆನ್ನೆಗೆ ಒಂದು ಬಾರಿಸಿದರು. ನಾನು ಕಣ್ಣು ಬಿಟ್ಟಿದ್ದೇನೆ ಎಂದು ಕಂಡ ಮೇಲೂ ಇನ್ನೊಂದು ಬಾರಿಸಿದರು. ಅದು ಯಾವ ಲೆಕ್ಕಕ್ಕೋ ಗೊತ್ತಿಲ್ಲ.

ಆದರೆ ಮೇಸ್ತ್ರಿ ಆಗಲೇ ಅಂಗಿ ಬಿಚ್ಚಿ, ಸೊಂಟಕ್ಕೆ ಟವೆಲು ಬಿಗಿದು, ಒಂದು ಕಾಲು ಬಾಯೊಳಗೆ ಇಳಿಬಿಟ್ಟಿದ್ದ. ಅಪ್ಪನ ಹಾರೆ ಕಣ್ಣೆದುರಿಗೇ ನಿಂತಿದೆ, ಬಿಡುವುದುಂಟೇ? "ಅವರಿಗೆ ಬಿಸಿಲಿಗೆ ತಲೆ ತಿರುಗ್ತು ಅಷ್ಟೇ. ನಾನು ಎಲ್ಡೇ ನಿಮಿಸ, ಇಳ್ದು ತತ್ತೀನಿ."

"ದೀಪ ಬುಡು ಮೊದ್ಲು" ಎಂದಳು ಹೆಂಡತಿ.

"ಏ, ಸುಮ್ಕಿರು."

"ದೀಪ ಬುಡ್ದೆ ಇಳಿದ್ರೆ, ನನ್ ತಾಳಿ ಮೇಲೆ ಕಾಲಿಟ್ಟಂಗೆ!"

ಅವಳ ದನಿಗೆ ಅವನ ಕಾಲು ತಾನಾಗಿಯೇ ಮೇಲೆ ಬಂತು. ಅವಳ ತವರು ಹುತ್ರಿದುರ್ಗದ ಬುಡ. ಅಲ್ಲಿ ಅವರ ತಾತನ ಮನೆಯಲ್ಲಿ ಹಗೇವು ಇತ್ತಂತೆ. ಬಾಯಿ ತೆರೆದ ದಿನ ಯಾರೂ ಇಳಿಯುತ್ತಿರಲಿಲ್ಲವಂತೆ. ಒಳಗಿನ ಗಾಳಿ ಸತ್ತಿರುತ್ತದೆ, ಮೊದಲು ದೀಪ ಇಳಿಬಿಟ್ಟು ನೋಡಬೇಕಂತೆ. ಅತ್ತೆ ಒಳಗೆ ಹೋಗಿ ಹಣತೆ ಹಚ್ಚಿ ತಂದರು. ಅವಳು ಅದನ್ನು ಒಂದು ತಂಬಿಗೆಯೊಳಗಿಟ್ಟು, ಹಗ್ಗ ಕಟ್ಟಿ, ನಿಧಾನವಾಗಿ ಬಿಟ್ಟಳು. ನಾವು ನಾಲ್ವರೂ ದೂರದಿಂದಲೇ ಕತ್ತು ಚಾಚಿ ನೋಡಿದೆವು. ಒಂದು ಮೊಳ ಇಳಿಯಿತು, ಉರಿಯುತ್ತಿತ್ತು. ಎರಡು ಮೊಳ. ಕುಡಿ ಒಂದು ಸಲ ನೀಲಿಯಾಯಿತು. ಆಮೇಲೆ ಗಾಳಿಯಿಲ್ಲ, ಸದ್ದಿಲ್ಲ, ಯಾರೋ ಎರಡು ಬೆರಳಲ್ಲಿ ಚಿವುಟಿದ ಹಾಗೆ ಆರಿಹೋಯಿತು.

ಮತ್ತೆ ಹಚ್ಚಿ ಬಿಟ್ಟಳು. ಅದೇ ಎರಡು ಮೊಳ, ಅದೇ ಚಿವುಟು. ಮೂರನೆಯ ಸಲವೂ ಅಷ್ಟೇ.

ಮೇಸ್ತ್ರಿ ಕುಕ್ಕರಿಸಿ ಕೂತು ಅಂಗಿ ಹಾಕಿಕೊಂಡ. ಗುಂಡಿಗಳು ತಪ್ಪು ತೂತಿಗೆ ಹೋದವು. ಹೆಂಡತಿ ಅವನ ಪಕ್ಕ ಕೂತು ಒಂದೊಂದೇ ಬಿಚ್ಚಿ ಸರಿಯಾಗಿ ಹಾಕಿದಳು, ಬೈಯುತ್ತ. "ಹಾರೆ ಅಂತೆ ಹಾರೆ. ನಿಮ್ಮಪ್ಪ ಇದ್ದಿದ್ರೆ ಆ ಹಾರೇಲೇ ನಿನ್ನ ತಟ್ಟೋನು."

ಇನ್ನು ಅತ್ತೆ. ನನ್ನನ್ನು ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದರು. ಎದುರಿಗೆ ಕುರ್ಚಿ ಹಾಕಿಕೊಂಡು ಕೂತರು. ಒಳಗಿನ ಗಾಳಿ ಮಿದುಳಿಗೆ ಏರಿದೆಯೋ ಇಲ್ಲವೋ ಪರೀಕ್ಷೆಯಾಗಬೇಕಲ್ಲ!

"ಹದಿನೇಳು ಎಂಟ್ಲಿ?"

"ನೂರಾ... ಇಪ್ಪತ್ತಾರು."

ಅತ್ತೆಯ ಮುಖ ಬಿಳಿಚಿಕೊಂಡಿತು. "ಹದಿಮೂರು ಏಳ್ಲಿ?"

"ಎಂಬತ್ತೊಂದು?"

ತುಮಕೂರಿಗೆ, ನಮ್ಮಪ್ಪನಿಗೆ, ಫೋನು ಹೋಯಿತು. "ಹುಡುಗಿಗೆ ಮಗ್ಗಿ ಬರ್ತಿಲ್ಲ ಕಣೋ! ಹದಿನೇಳೆಂಟ್ಲಿ ಗೊತ್ತಿಲ್ಲ, ಹದಿಮೂರೇಳ್ಲಿ ಗೊತ್ತಿಲ್ಲ! ಆಸ್ಪತ್ರೆಗೆ ಕರ್ಕೊಂಡು ಹೋಗ್ತಾ ಇದೀನಿ!" ಆ ಕಡೆಯಿಂದ ಅಪ್ಪನ ದನಿ ಜಗಲಿಗೆಲ್ಲ ಕೇಳಿಸುವಷ್ಟು ಸ್ಪಷ್ಟವಾಗಿ ಬಂತು: "ಅವಳಿಗೆ ಯಾವತ್ತಕ್ಕ ಬರ್ತಿತ್ತು?"

ಆದರೂ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ನಾಡಿ ನೋಡಿ, ಬೆರಳಿಗೆ ಏನೋ ಸಿಕ್ಕಿಸಿ, "ಏನೂ ತೊಂದರೆಯಿಲ್ಲ. ಇನ್ನೊಂದೆರಡು ನಿಮಿಷ ಹಾಗೇ ಇದ್ದಿದ್ದರೆ ಹೇಳೋಕಾಗ್ತಿರಲಿಲ್ಲ" ಅಂದರು. ಹುಳಿತ ಹೊಟ್ಟಿನಿಂದ ಬರುವ ಗಾಳಿಗೆ ಬಣ್ಣ ಇಲ್ಲವಂತೆ, ತೂಕ ಮಾತ್ರ ಉಂಟಂತೆ, ಅದಕ್ಕೇ ಗುಂಡಿಯಲ್ಲೇ ತಂಗಿರುತ್ತದಂತೆ. ಬೀಸುಕಲ್ಲಿನ ಸದ್ದು ಕೇಳಿಸಿತು ಎಂದಾಗ, ಉಸಿರು ಕಟ್ಟಿದಾಗ ಕಿವಿಗೆ ಹಾಗಾಗುತ್ತದೆ ಎಂದರು. ಹೆಸರು ಹಿಡಿದು ಕರೆದದ್ದನ್ನು ನಾನು ಹೇಳಲಿಲ್ಲ. ಅತ್ತೆ ಪಕ್ಕದಲ್ಲಿದ್ದರಲ್ಲ, ನಕ್ಕುಬಿಟ್ಟರೆ?

ಒಂದು ವಾರ ಹಗೇವಿನ ಬಾಯಿ ತೆರೆದೇ ಇತ್ತು, ಸುತ್ತ ಮುಳ್ಳು ಕಟ್ಟಿ. ಅನಂತರ ದೀಪ ತಳದವರೆಗೂ ಆರದೆ ಇಳಿಯಿತು. ಕೊಕ್ಕೆ ಬಿಟ್ಟು ಹಾರೆಯನ್ನು ಎಳೆದು ತೆಗೆದರು. ಯಾರೂ ಇಳಿಯಲಿಲ್ಲ, ಇಳಿಯಲು ಹೆಂಗಸರಿಬ್ಬರೂ ಬಿಡಲಿಲ್ಲ. ಮುಚ್ಚುವ ಮೊದಲು ಮೇಸ್ತ್ರಿಯ ಹೆಂಡತಿ, "ಬರಿಹೊಟ್ಟೇಲಿ ಮುಚ್ಚಬಾರ್ದು, ಒಂದು ಸೇರು ರಾಗಿ ಹಾಕ್ಬೇಕು" ಅಂದಳು. ನಮ್ಮ ಅತ್ತೆ ಇಂಥದಕ್ಕೆಲ್ಲ ಬಾಯಿ ಸುಮ್ಮನಿರಿಸುವವರಲ್ಲ. ಅವತ್ತು ಎದ್ದು ಹೋಗಿ ಸೇರು ತುಂಬ, ಗೋಪುರ ಬರುವ ಹಾಗೆ, ರಾಗಿ ತಂದುಕೊಟ್ಟರು. ಕಾಳು ಕತ್ತಲೊಳಗೆ ಸುರಿದ ಸದ್ದು ಮಳೆ ದೂರದಲ್ಲಿ ಶುರುವಾದ ಹಾಗಿತ್ತು. ಆಮೇಲೆ ಕಲ್ಲು, ಗರಸು, ಮಣ್ಣು. ಎರಡು ಟ್ರ್ಯಾಕ್ಟರು ನುಂಗಿ ಅದರ ಹೊಟ್ಟೆ ತುಂಬಿತು. ಪದರಕ್ಕೊಮ್ಮೆ ನೀರು, ಪದರಕ್ಕೊಮ್ಮೆ ಕುಟ್ಟಾಟ. ಈಗ ಧಡ್ ಎಂದರೆ ಒಂದೇ ಧಡ್. ಮೇಲೆ ಜಲ್ಲಿ ಹರಡಿ, ಪ್ಲಾಸ್ಟಿಕ್ ಹಾಳೆ ಹಾಸಿ, ಕಬ್ಬಿಣದ ಜಾಲರಿ ಇಟ್ಟು, ಕಾಂಕ್ರೀಟು ಸುರಿದು ಉದ್ದದ ಪಟ್ಟಿ ಎಳೆದು ಮಟ್ಟ ಮಾಡಿದರು. ಅತ್ತೆ ಹತ್ತು ದಿನ ಗೋಣಿತಾಟು ಹೊದಿಸಿ ನೀರುಣಿಸಿದರು. ಶೆಡ್ಡು ನಿಂತಿತು. ಗುದ್ದಲಿ, ಪಿಕಾಸಿಗಳು ಸೋಫಾ ಬಿಟ್ಟು ಎದ್ದವು. ಬೆಕ್ಕು ಈಗ ಶೆಡ್ಡಿನ ಮೇಲೆ ಹತ್ತಿ ನೇರವಾಗಿ ಹಾದುಹೋಗುತ್ತದೆ.

ಗುಂಡಿಯ ಆಳ, ಅಗಲ, ಸದ್ದು ಹೋಗಿಬರಲು ಬೇಕಾದ ಕಾಲ, ಎಲ್ಲವನ್ನೂ ಅತ್ತೆ ಒಂದು ನೋಟ್‌ಬುಕ್ಕಿನಲ್ಲಿ ಬರೆದು ನೋಡಿದರಂತೆ. ಮಣ್ಣು ಒಳಗೆ ಕುಸಿಯುತ್ತಿತ್ತು, ಅದಕ್ಕೇ ಗೂಟ ವಾಲಿದವು. ನಲವತ್ತು ಏಟಿಗೂ ಲೆಕ್ಕ ಸರಿಹೋಯಿತು. "ಆ ಒಂದಕ್ಕೆ ಮಾತ್ರ ಲೆಕ್ಕ ಸಿಗ್ತಿಲ್ಲ" ಅಂದರು. ಮುಖದಲ್ಲಿ ತಮಾಷೆಯಿರಲಿಲ್ಲ.

ಹಾಗೆ ಲೆಕ್ಕ ಒಪ್ಪಿಸಿದ ಭಾನುವಾರದ ಸಂಜೆ, ಎಂದೂ ಇಲ್ಲದ್ದು, ಅತ್ತೆ ನನ್ನನ್ನು ಬಸ್ ಸ್ಟ್ಯಾಂಡಿನವರೆಗೆ ಬಿಡಲು ಬಂದರು. ತುಮಕೂರಿನ ಬಸ್ಸು ನಿಂತಿತ್ತು, ಕಿಟಕಿಯ ಪಕ್ಕ ಕೂತೆ. ಅತ್ತೆ ಕೆಳಗೆ ನಿಂತು ಕಿಟಕಿಯ ಕಂಬಿ ನೋಡುತ್ತ ಕೇಳಿದರು.

"ಅವತ್ತು ಗುಂಡಿಯೊಳಗೆ ಯಾರಿಗೆ 'ಬಂದೇ' ಅಂತಿದ್ದೆ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಒಳಗಿಂದ ಯಾರೋ ಕರೆದರು ಅತ್ತೆ. ನನ್ನ ಹೆಸರು ಹಿಡಿದು."

ಅತ್ತೆ ನಗಲಿಲ್ಲ. "ನಾನೇ ಕಣೇ ಕರ್ದಿದ್ದು" ಅಂದರು. "ಹಿಂದೆ ನಿಂತ್ಕೊಂಡು, ಸಾಕು ಏಳಲಿ ಅಂತ ಹೆಸರು ಹಿಡ್ದು ಕರ್ದೆ. ನಾನು ಕರ್ದಷ್ಟೂ ಅದು ಒಳಗಿಂದ ತಿರುಗಿಸಿ ಕೂಗ್ತಿತ್ತು. ನೀನು ಬಂದೇ ಬಂದೇ ಅಂತ ಒಳಗೊಳಗೇ ಹೋಗ್ತಿದ್ದೆ. ನಾಕು ಸಲ ಕರ್ದೆ. ನಾಲ್ಕನೇ ಸಲಕ್ಕೆ ಗೊತ್ತಾಯ್ತು, ನಾನು ಕರೀತಾ ಇರೋದಕ್ಕೇ ನೀನು ಹೋಗ್ತಾ ಇದೀಯ ಅಂತ."

ಸುತ್ತ ಕಡಲೆಕಾಯಿ ಮಾರುವವರ ಕೂಗು, ಹಾರ್ನುಗಳು, ಯಾರದೋ ಮಗುವಿನ ಅಳು. ಅತ್ತೆ ಕಂಬಿಗಳ ನಡುವೆ ಕೈ ತೂರಿಸಿ ನನ್ನ ಕೈಯನ್ನು ಹಿಡಿದುಕೊಂಡರು. ಸೀಮೆಸುಣ್ಣಕ್ಕೆ, ಗುದ್ದಲಿಗೆ ಒರಟಾದ ಕೈ. ನನಗೆ ನೆನಪಿರುವಂತೆ ಹಾಗೆ ಹಿಡಿದದ್ದು ಅದೇ ಮೊದಲು.

"ಇನ್ಮೇಲೆ ಕರೆಯಲ್ಲ" ಅಂದರು. "ಬಂದು ಕೈ ಹಿಡ್ಕೊತೀನಿ."

ಡ್ರೈವರು ಗಾಡಿ ಚಾಲು ಮಾಡಿದ. ಕಂಡಕ್ಟರು ಹಿಂದಿನ ಬಾಗಿಲಿನಿಂದ ಕತ್ತು ಹೊರಹಾಕಿ, "ಯಾರಾದ್ರೂ ಒಬ್ರು ಕೈ ಬುಡ್ರಮ್ಮೋ, ನಾನು ರೈಟ್ ಅನ್ಬೇಕು!" ಎಂದು ಕೂಗಿದ.

ನಮ್ಮಿಬ್ಬರಿಗೂ ಅದು ಕೇಳಿಸಲಿಲ್ಲ.